ಹಳೆಯ ಸಣ್ಣ ಕಾರನ್ನು ತಗ್ಗಿಸುವುದು: ಎಷ್ಟು ಇಳಿಸಬಹುದು, ಏನೇನು ಬದಲಿಸಬೇಕು?

ಪ್ರಶ್ನೆ

ನನ್ನ ಹ್ಯಾಚ್‌ಬ್ಯಾಕ್‌ಗೆ ಸುಮಾರು 20 ವರ್ಷ ವಯಸ್ಸಾಗಿದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತೆ ಜೋಡಿಸಿದ ವ್ಯವಸ್ಥೆ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಸೇರಿಸುವ, ತುಸು ತಿರುಚಿಕೊಳ್ಳಬಲ್ಲ ಅಡ್ಡತೊಲೆ) ಇದೆ. ಎಂಜಿನ್ ಚೆನ್ನಾಗಿರುವುದರಿಂದ ಇದನ್ನು ಇನ್ನೂ ಹಲವು ವರ್ಷ ಇಟ್ಟುಕೊಳ್ಳುವ ಇರಾದೆಯಿದ್ದು, ಕಾರನ್ನು 40 ಮಿ.ಮೀ. ತಗ್ಗಿಸಬೇಕೆಂದುಕೊಂಡಿದ್ದೇನೆ. ಈಗಿರುವ ಸ್ಪ್ರಿಂಗ್‌ಗಳಲ್ಲೇ ಒಂದೊಂದು ಸುತ್ತು ಕತ್ತರಿಸಿದರೆ ಸಾಕೆಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಶಾಕ್ ಅಬ್ಸಾರ್ಬರ್‌ಗಳು ಹಳೆಯವೇ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಎಡಭಾಗದಿಂದ 'ಟಕ್' ಎಂಬ ಸದ್ದು ಬರುತ್ತದೆ. ಇಳಿಸಿದ ಮೇಲೆ ಈ ಸದ್ದು ಹೆಚ್ಚಾಗುವುದೇ?

ಉತ್ತರ 1

ಮೊದಲು ಆ ಸದ್ದಿನ ಮೂಲ ಹುಡುಕಿರಿ. ಎತ್ತರದ ಮಾತು ಆಮೇಲೆ. ಕಾರು ನಿಂತಿರುವಾಗ ಇನ್ನೊಬ್ಬರಿಗೆ ಸ್ಟಿಯರಿಂಗನ್ನು ನಿಧಾನವಾಗಿ ತಿರುಗಿಸಲು ಹೇಳಿ, ನೀವು ಸ್ಪ್ರಿಂಗಿನ ಹೊರಮೈ ಮೇಲೆ ಅಂಗೈ ಇಡಿ. ಬೆರಳುಗಳು ಸುರುಳಿಗಳ ನಡುವೆ ಹೋಗದಿರಲಿ. ಸ್ಪ್ರಿಂಗ್ ಸ್ವಲ್ಪ ಸ್ವಲ್ಪವೇ ತಿರುಚಿಕೊಂಡು, ಕೊನೆಗೆ ಒಮ್ಮೆಲೇ ಜಿಗಿದು ಹಿಂದಕ್ಕೆ ಬಂದ ಅನುಭವವಾದರೆ ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್ ಹಿಡಿದುಕೊಂಡಿದೆ ಎಂದೇ ಅರ್ಥ. ಸ್ಟ್ರಟ್ ಬಿಚ್ಚುವಾಗ ಅದು ಹೇಗೂ ಕೈಗೆ ಸಿಗುತ್ತದೆ. ಎರಡೂ ಬದಿಯದನ್ನು ರಬ್ಬರ್ ಮೌಂಟ್ ಸಮೇತ ಬದಲಿಸಿಬಿಡಿ.

ಅಲ್ಲಿಗೆ ನಿಲ್ಲಬೇಡಿ. ಇಷ್ಟು ವರ್ಷದ ಕಾರಿನಲ್ಲಿ, ಚಕ್ರವನ್ನು ಬಾಡಿಗೆ ಸೇರಿಸುವ ಕೆಳತೋಳಾದ ಲೋವರ್ ಆರ್ಮ್‌ನ ಒಳತುದಿಯ ಬುಷ್‌ಗಳ ರಬ್ಬರ್ ಬಿರುಕು ಬಿಟ್ಟಿರುತ್ತದೆ, ಅದರ ಹೊರತುದಿಯ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ಸಡಿಲವಾಗಿರುವ ಸಂಭವವೂ ಉಂಟು. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರದಿದ್ದರೂ ಒಳಗೆ ಸೋತಿರಬಹುದು. ಸವೆದ ಭಾಗಗಳ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ, ಆವರೆಗೆ ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದ ಸಡಿಲವೆಲ್ಲ ಸದ್ದಾಗಿ, ಅದುರಾಟವಾಗಿ ಹೊರಬೀಳುತ್ತದೆ.

ಉತ್ತರ 2

ಸ್ಪ್ರಿಂಗ್ ಕತ್ತರಿಸುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಸುರುಳಿ ಸ್ಪ್ರಿಂಗಿನ ಬಿಗಿತವು ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಬಿಗಿತ ಐದನೇ ಒಂದು ಭಾಗದಷ್ಟು ಏರುತ್ತದೆ, ಆದರೆ ಹಳೆಯ ಶಾಕ್ ಅಬ್ಸಾರ್ಬರ್ ಅದೇ ಹಳೆಯ ಬಿಗಿತಕ್ಕೆಂದು ರೂಪಿಸಿದ್ದಾಗಿರುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಕತ್ತರಿಸಿದ ತುದಿ ಕೆಳಗಿನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಮತ್ತು ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ತನ್ನ ಜಾಗದಿಂದ ಜಾರಿಬಿಡಬಹುದು. ನಿಮ್ಮ ಮಾದರಿಗೆಂದೇ ತಯಾರಾದ ತಗ್ಗು ಸ್ಪ್ರಿಂಗ್‌ಗಳನ್ನು, ಅವಕ್ಕೆ ಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರ್‌ಗಳ ಜೊತೆಗೇ ತೆಗೆದುಕೊಳ್ಳಿ.

40 ಮಿ.ಮೀ. ನನ್ನ ದೃಷ್ಟಿಯಲ್ಲಿ ಹೆಚ್ಚಾಯಿತು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ ಮುಂದಿನಿಂದ ಬಗ್ಗಿ ನೋಡಿ: ಲೋವರ್ ಆರ್ಮ್ ಒಳಗಿನ ಬುಷ್‌ನಿಂದ ಹೊರಗಿನ ಬಾಲ್ ಜಾಯಿಂಟ್ ಕಡೆಗೆ ತುಸು ಕೆಳಮುಖವಾಗಿರುತ್ತದೆ. ಇಳಿಸಿದಷ್ಟೂ ಅದು ನೆಲಕ್ಕೆ ಸಮಾನಾಂತರವಾಗುತ್ತಾ ಹೋಗಿ, ಇನ್ನೂ ಇಳಿಸಿದರೆ ಹೊರತುದಿ ಮೇಲೇಳುತ್ತದೆ. ಮ್ಯಾಕ್‌ಫರ್ಸನ್ ವಿನ್ಯಾಸದಲ್ಲಿ ಆಗ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು), ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುವುದರಿಂದ ತಿರುವಿನಲ್ಲಿ ಬಾಡಿಯನ್ನು ವಾಲಿಸುವ ಬಲ ಹೆಚ್ಚುತ್ತದೆ. ಕಾರು ತಗ್ಗಿದ್ದರೂ ನಡತೆ ಕೆಡುತ್ತದೆ. ಆರ್ಮ್ ಸಮಾನಾಂತರವಾಗುವ ಮಟ್ಟವೇ ನಿಮ್ಮ ಮಿತಿ ಎಂದಿಟ್ಟುಕೊಳ್ಳಿ. ಬಹಳಷ್ಟು ಸಣ್ಣ ಕಾರುಗಳಿಗೆ 25–30 ಮಿ.ಮೀ. ಸಾಕಾಗುತ್ತದೆ. ಬಂಪ್ ಸ್ಟಾಪ್ (ಚಕ್ರದ ಮೇಲ್ಮುಖ ಚಲನೆಯನ್ನು ಕೊನೆಯಲ್ಲಿ ತಡೆಯುವ ರಬ್ಬರ್) ಮುಟ್ಟುವ ಮೊದಲು ಉಳಿಯುವ ಚಲನೆಯೂ ಅಷ್ಟೇ ಮುಖ್ಯ. 70 ಮಿ.ಮೀ. ಇದ್ದ ಕಡೆ 40 ಇಳಿಸಿದರೆ ಉಳಿಯುವುದು 30, ಅಂದರೆ ಪ್ರತಿ ಗುಂಡಿಯೂ ನೇರ ಬಾಡಿಗೇ ಬಡಿದಂತೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅಂಗೈ ಪರೀಕ್ಷೆಯಲ್ಲಿ ಸ್ಪ್ರಿಂಗ್ ಜಿಗಿಯುವುದು ಸ್ಪಷ್ಟವಾಗಿ ತಿಳಿಯಿತು. 30 ಮಿ.ಮೀ. ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್, ಮೌಂಟ್, ಬುಷ್ ಎಲ್ಲವನ್ನೂ ಒಟ್ಟಿಗೆ ಹಾಕಿಸುತ್ತೇನೆ. ಹಿಂದಿನ ಆಕ್ಸಲ್‌ನಿಂದ ಒಂದು ಸಣ್ಣ ಸ್ಪ್ರಿಂಗ್ ಬ್ರೇಕ್ ಪೈಪ್‌ಗಳ ಬಳಿಯ ಒಂದು ವಾಲ್ವ್‌ಗೆ ಸೇರಿದೆ. ಅದನ್ನು ಮುಟ್ಟಬೇಕೇ?

ಉತ್ತರ 3

ಅದನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಅದು ಹಿಂಬದಿಯ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ವಾಲ್ವ್. ಬಾಡಿ ಆಕ್ಸಲ್‌ಗೆ ಹತ್ತಿರವಾದಷ್ಟೂ ಸಾಮಾನು ತುಂಬಿದೆ ಎಂದು ತಿಳಿದು ಒತ್ತಡ ಹೆಚ್ಚಿಸುತ್ತದೆ. ಕಾರನ್ನು ಇಳಿಸಿ ವಾಲ್ವನ್ನು ಹಾಗೇ ಬಿಟ್ಟರೆ, ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಕಾರು ತಿರುಗಿಬಿಡಬಹುದು. ಕಾರಿನ ರಿಪೇರಿ ಕೈಪಿಡಿಯಲ್ಲಿರುವ ವಿಧಾನದಂತೆ ಹೊಸ ಎತ್ತರಕ್ಕೆ ಅದನ್ನು ಮರುಹೊಂದಿಸಲೇಬೇಕು, ಮತ್ತು ಈ ಕೆಲಸ ಬ್ರೇಕ್ ಬಲ್ಲವರ ಕೈಯಲ್ಲೇ ಆಗಲಿ.

ಬುಷ್‌ಗಳ ಬೋಲ್ಟ್‌ಗಳನ್ನು ಕಾರು ಜ್ಯಾಕ್ ಮೇಲಿರುವಾಗ ಕೈಬಿಗಿ ಮಾಡಿ, ಚಕ್ರಗಳ ಮೇಲೆ ಪೂರ್ತಿ ಭಾರ ಬಿದ್ದ ಮೇಲಷ್ಟೇ ಕೊನೆಯ ಬಿಗಿ ಕೊಡಬೇಕು. ಜೋತಾಡುವ ಸ್ಥಿತಿಯಲ್ಲೇ ಬಿಗಿದರೆ ರಬ್ಬರ್ ನಿಂತಲ್ಲೂ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ. ಇಳಿಸಿದ ಕಾರಿನಲ್ಲಿ ಹೊಸ ಬುಷ್ ಬೇಗ ಹಾಳಾಗಲು ಹೆಚ್ಚಾಗಿ ಇದೇ ಕಾರಣ.

ಎತ್ತರವನ್ನು ಚಕ್ರದ ನಡುವಿನಿಂದ ಮಡ್ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿಯ ಒತ್ತಡ ಲೆಕ್ಕ ತಪ್ಪಿಸುತ್ತವೆ. ಸ್ಪ್ರಿಂಗ್ ಒಂದಷ್ಟು ದಿನ ಓಡಿ ಕುಳಿತ ಮೇಲೆ ವೀಲ್ ಅಲೈನ್‌ಮೆಂಟನ್ನು ಮತ್ತೊಮ್ಮೆ ಮಾಡಿಸಿ. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರದ ವಾಲು, ತುಸು ಒಳಗಾದರೆ ಚಿಂತೆಯಿಲ್ಲ, ಟೈರನ್ನು ತಿನ್ನುವುದು ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ವ್ಯತ್ಯಾಸ. ಹೆಡ್‌ಲೈಟಿನ ದಿಕ್ಕನ್ನೂ ಆಗಲೇ ಸರಿಪಡಿಸಿ. ಆಮೇಲೆ ಕಾರು ತೊಳೆಯುವಾಗಲೆಲ್ಲ ಸ್ಪ್ರಿಂಗಿನ ಕೆಳತಟ್ಟೆಗೆ ನೀರು ಹಾಯಿಸಿ: ಅಲ್ಲಿ ಕೂತ ಮಣ್ಣು ಬಣ್ಣ ಕೆರೆದು ತುಕ್ಕು ಹಿಡಿಸುತ್ತದೆ, ಸ್ಪ್ರಿಂಗ್ ಮುರಿಯುವುದೂ ಹೆಚ್ಚಾಗಿ ಆ ಕೆಳಸುತ್ತಿನಲ್ಲೇ.