50:50 ತೊಗೊಂಡ ಮ್ಯಾಲೆ ಕ್ವಿಟ್ ಮಾಡೂದು ಶಾಣ್ಯಾತನೋ, ಅಂಜಿಕಿಯೋ?

ನವನಗರ_ಬಾಗಲಕೋಟಿ

ನಮಸ್ಕಾರ್ರಿ ಎಲ್ಲಾರಿಗೂ. ಕೆಬಿಸಿ (ಟೀವಿಯ 'ಕೌನ್ ಬನೇಗಾ ಕರೋಡ್‌ಪತಿ' ಕ್ವಿಜ್) ನೋಡೂವಾಗ ನಮ್ಮ ಗುಂಪಿನ್ಯಾಗ ಜಗಳ ಹತ್ತೂದು ಒಂದ ಮಾತಿಗೆ. ಸ್ಪರ್ಧಿ 12.5 ಲಕ್ಷದ ಮ್ಯಾಲೆ ಕುಂತಿರ್ತಾರ, ಮುಂದ 25 ಲಕ್ಷದ ಪ್ರಶ್ನಿ. 50:50 ಅನ್ನೋ ಲೈಫ್‌ಲೈನ್ (ಆಟದಾಗ ಸಿಗೂ ಸಹಾಯ) ತೊಗೋತಾರ, ಎರಡು ತಪ್ಪು ಉತ್ತರ ಹೋಗಿ ಎರಡು ಉಳೀತಾವ, ಆಮ್ಯಾಲೆ ಕ್ವಿಟ್ ಅಂತಾರ, ಅಂದ್ರ ಉತ್ತರ ಹೇಳದ ಗೆದ್ದಷ್ಟು ರೊಕ್ಕ ತೊಗೊಂಡು ಏಳ್ತಾರ. ಅರ್ಧ ಮಂದಿ "ಶಾಣ್ಯಾ" ಅಂತಾರ, ಅರ್ಧ ಮಂದಿ "ಲೈಫ್‌ಲೈನ್ ಸುಮ್ನ ಹಾಳ ಮಾಡಿದ" ಅಂತಾರ. ಇದಕ್ಕ ಲೆಕ್ಕ ಐತೇನ್ರಿ?

ಇನ್ನೊಂದು. ಸ್ಪರ್ಧಿಗಳದು ಒಂದು ವಹಿ ಇಟ್ಟೀವಿ: ಹೆಸರು, ಊರು, ಗೆದ್ದ ರೊಕ್ಕ. ಇಷ್ಟರ ಮ್ಯಾಲೆ ಯಾರು ಚಲೋ ಆಡಿದ್ರು ಅಂತ ಹೇಳಾಕ ಬರವಲ್ದು. ಮತ್ತೇನು ಬರೀಬೇಕು? ಸೀಸನ್ನಿಗೊಂದು ಬಹುಮಾನದ ಏಣಿ ಬದಲಾಗಿರೂದರಿಂದ 2019ರದ್ದ ಹಿಡದು ಹೇಳ್ರಿ.

ಕುಂದಾನಗರಿ

ಲೆಕ್ಕ ಇದೆ, ಅದೂ ಅಂಗಡಿ ಲೆಕ್ಕದಷ್ಟೇ ಸುಲಭ. 2019ರ ಏಣಿಯಲ್ಲಿ 5ನೇ ಪ್ರಶ್ನೆಗೆ 10,000, 10ನೇ ಪ್ರಶ್ನೆಗೆ 3,20,000. ಇವೆರಡೇ ಪಡಾವು, ಅಂದರೆ ತಪ್ಪಿದರೂ ಕೈಬಿಡದ ಮೊತ್ತ. ಅಲ್ಲಿಂದ ಮೇಲೆ 6.4 ಲಕ್ಷ, 12.5 ಲಕ್ಷ, 25 ಲಕ್ಷ, 50 ಲಕ್ಷ, 1 ಕೋಟಿ, ಕೊನೆಗೆ 7 ಕೋಟಿ.

ನಿಮ್ಮ ಉದಾಹರಣೆಯಲ್ಲಿ ತಪ್ಪಿದರೆ 12.5ರಿಂದ 3.2ಕ್ಕೆ ಬೀಳುತ್ತಾರೆ, ನಷ್ಟ 9.3 ಲಕ್ಷ. ಸರಿಯಾದರೆ ಲಾಭ 12.5 ಲಕ್ಷ. ನಷ್ಟವನ್ನು ಲಾಭ-ನಷ್ಟಗಳ ಮೊತ್ತದಿಂದ ಭಾಗಿಸಿ: 9.3 ÷ 21.8, ಸುಮಾರು ಶೇ 43. ಉತ್ತರದ ಮೇಲಿನ ನಂಬಿಕೆ ಇದಕ್ಕಿಂತ ಹೆಚ್ಚಿದ್ದರೆ ಆಡಬಹುದು, ಕಡಿಮೆ ಇದ್ದರೆ ಏಳಬೇಕು. ಎರಡೇ ಉತ್ತರ ಉಳಿದಾಗ ಕಣ್ಣುಮುಚ್ಚಿ ಹೇಳಿದರೂ ಶೇ 50. ಹಾಗಾಗಿ ಬರೀ ಲೆಕ್ಕ ನೋಡಿದರೆ ಆಡಬೇಕಿತ್ತು.

ಇದೇ ರೀತಿ 12ನೇ ಪ್ರಶ್ನೆಗೆ ಬೇಕಾದದ್ದು ಶೇ 34, 14ಕ್ಕೆ ಶೇ 47, 15ಕ್ಕೆ ಶೇ 48. ಪಡಾವು ಸಿಗುವ ಮೊದಲಿನ ಮೆಟ್ಟಿಲೂ ಕಡಿದಾಗಿಯೇ ಇದೆ: 10ನೇ ಪ್ರಶ್ನೆಯಲ್ಲಿ 1.6 ಲಕ್ಷ ಇಟ್ಟುಕೊಂಡವರು ತಪ್ಪಿದರೆ 10,000ಕ್ಕೆ ಬರುತ್ತಾರೆ, ಅಲ್ಲೂ ಶೇ 48 ಬೇಕು. ಆದರೆ 6 ಮತ್ತು 11ನೇ ಪ್ರಶ್ನೆಗಳಲ್ಲಿ ಕಳೆದುಕೊಳ್ಳಲು ಏನೂ ಇಲ್ಲ. 11ರಲ್ಲಿ ಏನೂ ಗೊತ್ತಿಲ್ಲದಿದ್ದರೂ ಒಂದು ಉತ್ತರ ಹೇಳಿಯೇ ಏಳಬೇಕು. ಅಲ್ಲಿ ಕ್ವಿಟ್ ಮಾಡಿದವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿ, ನಾನು ಬೇಡ ಅನ್ನುವುದಿಲ್ಲ.

ಪಿಸುಗುಡೋ_ಗುಮ್ಮಟ

ಕುಂದಾನಗರಿ ಅವರ ಲೆಕ್ಕ ಖರೇ ಅದ, ಆದ್ರ ಒಂದು ಎಳಿ ಬಿಟ್ಟಾರ. ಎರಡು ಉತ್ತರ ಉಳದ್ವು ಅಂದಕೂಡ್ಲೆ ಶೇ 50 ಆಗೂದಿಲ್ರಿ. 50:50 ತೊಗೊಳ್ಳೂಕಿಂತ ಮೊದಲ ಸ್ಪರ್ಧಿ ಮನಸ್ಸು ಯಾವ ಕಡಿ ವಾಲಿತ್ತು ಅನ್ನೂದರ ಮ್ಯಾಲೆ ಅದ.

ನಾಲ್ಕು ಉತ್ತರದಾಗ "ಬಿ ಇರಬೇಕು" ಅಂತ ಶೇ 40ರಷ್ಟು ನಂಬಿಕಿ ಇತ್ತಂತ ತಿಳಕೋರಿ. ಬಿ ಖರೇ ಇದ್ರ 50:50 ಅದನ್ನ ಮುಟ್ಟೂದಿಲ್ಲ. ಬಿ ತಪ್ಪಿದ್ರ ಮೂರು ತಪ್ಪು ಉತ್ತರದಾಗ ಉಳಿಯೂದು ಒಂದ, ಅದು ಬಿ ಆಗೋ ಸಂಭವ ಮೂರರಾಗ ಒಂದು. ಅಂದ್ರ 40ರ ಎದುರಿಗೆ 60ರ ಮೂರನೇ ಒಂದು ಪಾಲು, 20. ಬಿ ಉಳಕೊಂಡಿತಂದ್ರ ನಂಬಿಕಿ 60ರಾಗ 40, ಶೇ 67! ಅಷ್ಟಾದ ಮ್ಯಾಲೂ 12.5 ಲಕ್ಷಕ್ಕ ಏಳೂದು ಬರೇ ಅಂಜಿಕಿ. ಯಾವ ಕಡಿನೂ ವಾಲಿರಲಿಲ್ಲ ಅಂದ್ರ ಬರೋಬ್ಬರಿ ಶೇ 50. ವಾಲಿದ್ದ ಉತ್ತರನ ಹಾರಿ ಹೋತು ಅಂದ್ರೂ ಉಳದ ಎರಡರ ನಡುವ ಅದೇ ಶೇ 50ರ ಸುತ್ತ ತೂಗ್ತದ.

ಇದು ನಡಿಯೂದು ಎರಡು ತಪ್ಪು ಉತ್ತರ ಚೀಟಿ ಎತ್ತಿದಂಗ ತಗದ್ರ ಮಾತ್ರ. ಗೊಂದಲ ಮಾಡೂ ಉತ್ತರನ ಬೇಕಂತ ಉಳಸ್ತಾರ ಅಂತ ನಿಮ್ಮ ಗುಂಪಿನ್ಯಾಗ ಯಾರರೆ ವಾದ ಹೂಡಿದ್ರ, ಆ 67 ಮತ್ತ 40ರ ಕಡಿಗೇ ಜಾರ್ತದ.

ಅದಕ್ಕ ವಹಿಯೊಳಗ ಮೊದಲ ಬರಿಯೂ ಕಾಲಂ ಇದು: "ಲೈಫ್‌ಲೈನಿಗಿಂತ ಮೊದಲ ಯಾವ ಅಕ್ಷರ ಅಂದ್ರು". ಅದರ ಬಾಜೂಕ ಯಾವ ಪ್ರಶ್ನಿಗೆ ಯಾವ ಲೈಫ್‌ಲೈನ್, ಹೆಂಗ ಎದ್ರು (ಕ್ವಿಟ್, ತಪ್ಪು, ಇಲ್ಲಾ ಹೂಟರ್, ಅಂದ್ರ ಆ ದಿನದ ಆಟ ಮುಗೀತಂತ ಹೊಡಿಯೂ ಸದ್ದು). ಕ್ವಿಟ್ ಮಾಡಿದವರಿಗೆ "ಆಡಿದ್ರ ಏನ್ ಹೇಳ್ತಿದ್ರಿ" ಅಂತ ಕೇಳ್ತಾರಲ್ಲ, ಅದನ್ನೂ ಬರೀರಿ. ಆ ಉತ್ತರ ಸರಿನೋ ತಪ್ಪೋ ಅನ್ನೂದು ನೂರು ಸಾಲು ಕೂಡಿದ ಮ್ಯಾಲೆ ಬಂಗಾರ ಆಗ್ತದ. ಹೂಟರ್ ಆಗಿ ಮರುದಿನ ಬರೂ ಸ್ಪರ್ಧಿನ ಹೊಸಾ ಸಾಲಿನ್ಯಾಗ ಬರೀಬ್ಯಾಡ್ರಿ, ಒಬ್ಬರ ಲೆಕ್ಕ ಎರಡು ಆಗ್ತದ.

ಪ್ರೇಕ್ಷಕರ ಮತ 5ನೇ ಪ್ರಶ್ನಿ ಒಳಗ ತೊಗೊಂಡ್ರೋ, 10ರ ಮ್ಯಾಲೋ ಅನ್ನೂದೂ ಇರಲಿ. ಮ್ಯಾಲೆ ಹೋದಂಗ ಸಭಾದೊಳಗ ಗೊತ್ತಿದ್ದವರು ಕಡಿಮಿ, ಊಹಾದ ಮತ ಜಾಸ್ತಿ. 38–31–20–11 ಅಂತ ಬಂತಂದ್ರ ಅದು ಉತ್ತರ ಅಲ್ಲ, ಗದ್ದಲ.

ಕರದಂಟು

ತೆರಿಗೆ ಯಾರೂ ತೆಗೀಲಿಲ್ಲವಲ್ಲ! ಕ್ವಿಜ್ ಬಹುಮಾನಕ್ಕೆ ನೇರ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2. ಖರ್ಚು, ಉಳಿತಾಯ ಅಂತ ಯಾವ ಕಡಿತವೂ ಇಲ್ಲ. 3.2 ಲಕ್ಷದಲ್ಲಿ ಕೈಗೆ ಉಳಿಯೋದು 2,20,160, 12.5 ಲಕ್ಷದಲ್ಲಿ 8.6 ಲಕ್ಷ, 25ರಲ್ಲಿ 17.2 ಲಕ್ಷ. ಎಲ್ಲ ಮೆಟ್ಟಿಲಿಗೂ ಒಂದೇ ಪಾಲು ಹೋಗೋದರಿಂದ ಮೇಲಿನ ಶೇ 43 ಅಲ್ಲಾಡೋದಿಲ್ಲ.

ಅಲ್ಲಾಡೋದು 15ನೇ ಪ್ರಶ್ನೆಯಲ್ಲಿ. ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ ಶೇ 10 ಸರ್ಚಾರ್ಜ್ ಬೀಳುತ್ತೆ. ಬೇರೆ ಆದಾಯ ಇಲ್ಲ ಅಂದುಕೊಂಡರೂ 50 ಲಕ್ಷದಲ್ಲಿ 34.4 ಲಕ್ಷ ಉಳಿದರೆ, 1 ಕೋಟಿಯಲ್ಲಿ ಉಳಿಯೋದು 65.68 ಲಕ್ಷ. ಈಗ ಮತ್ತೆ ಭಾಗಿಸಿ: ನಷ್ಟ 32.2, ನಷ್ಟ-ಲಾಭ ಸೇರಿ 63.48, ಶೇ 50.7. ತೆರಿಗೆ ಬಿಟ್ಟು ನೋಡಿದಾಗ ನಾಣ್ಯ ಚಿಮ್ಮಬಹುದಿತ್ತು, ತೆರಿಗೆ ಹಾಕಿದ ಮೇಲೆ ಚಿಮ್ಮಬಾರದು. ವಹಿಯಲ್ಲಿ ಗೆದ್ದ ರೊಕ್ಕದ ಪಕ್ಕ ಕೈಗೆ ಬಂದ ರೊಕ್ಕವೂ ಇರಲಿ.

ನವನಗರ_ಬಾಗಲಕೋಟಿ

ತಲಿ ತಿರಗತೈತ್ರಿ, ಆದ್ರ ತಿಳೀತು. ಹಂಗಾದ್ರ 7 ಕೋಟಿ ಪ್ರಶ್ನಿಗೆ? 2019ರಾಗ ಸನೋಜ್ ರಾಜ್, ಬಬಿತಾ ತಾಡೆ ಇಬ್ರೂ 1 ಕೋಟಿ ತೊಗೊಂಡು ಎದ್ರಲ್ಲ?

ಕುಂದಾನಗರಿ

ತೆರಿಗೆ ಬದಿಗಿಟ್ಟರೆ ಅಲ್ಲಿ 96.8 ÷ 696.8, ಬರೀ ಶೇ 14 ಸಾಕು. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಹೇಳಿದರೂ ಶೇ 25. ಆದರೂ ಅವರಿಬ್ಬರೂ ಎದ್ದದ್ದೇ ಸರಿ ಎನ್ನುತ್ತೇನೆ. ಈ ಸೂತ್ರ ಸರಾಸರಿ ಹೇಳುತ್ತದೆ. ಸರಾಸರಿ ಎಂದರೆ ನೂರಾರು ಸಲ ಆಡುವವನಿಗೆ. ಹಾಟ್ ಸೀಟ್ ಸಿಗುವುದು ಒಂದು ಸಲ. ಬಬಿತಾ ತಾಡೆ ಅಮರಾವತಿ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವರು. ಮೊದಲ ಕೋಟಿ ಬದುಕನ್ನು ಬದಲಿಸಿದಷ್ಟು ಮುಂದಿನ ಆರು ಕೋಟಿ ಬದಲಿಸುವುದಿಲ್ಲ. ಸೂತ್ರವನ್ನು 12, 13ನೇ ಪ್ರಶ್ನೆಗಳಿಗೆ ಬಳಸಿ; 16ಕ್ಕೆ ಬೇಡ.

ಪಿಸುಗುಡೋ_ಗುಮ್ಮಟ

ಮನ್ಯಾಗ ಕುಂತು ಜೋಡಿ ಆಡೂವಾಗ ಒಂದು ನೇಮ ಇಟ್ಕೋರಿ: ಸ್ಪರ್ಧಿ ಬಾಯಿ ಬಿಡೂಕಿಂತ ಮೊದಲ ಚೀಟಿ ಮ್ಯಾಲೆ ಅಕ್ಷರ, ಬಾಜೂಕ ನಂಬಿಕಿ ಶೇಕಡಾ ಎಷ್ಟು ಅಂತ. ಆಮ್ಯಾಲೆ "ನನಗ ಗೊತ್ತಿತ್ತು" ಅನ್ನಾಕ ಜಾಗಾ ಇರೂದಿಲ್ಲ. ಶೇ 70 ಅಂತ ಬರದದ್ದು ಹತ್ತರಾಗ ಏಳು ಸರಿ ಬರಬೇಕು. ನಾಲ್ಕ ಬಂದ್ರ ನಿಮ್ಮ 70 ಅಂದ್ರ 40 ಅಂತ ತಿಳಕೋರಿ.

ನಮ್ಮ ಭಾಗದ ಪ್ರಶ್ನಿ ಬಂದಾಗ ಈ ಶೇಕಡಾ ಸುಳ್ಳ ಏರ್ತದ. ಗೋಳಗುಮ್ಮಟ ಮೊಹಮ್ಮದ್ ಆದಿಲ್‌ಶಾಹಂದು, ಇಬ್ರಾಹಿಂ ರೋಜಾ ಎರಡನೇ ಇಬ್ರಾಹಿಂ ಆದಿಲ್‌ಶಾಹಂದು; ಎರಡೂ ಹೆಸರು ಉತ್ತರದಾಗ ಇಟ್ರ ಊರವರ ಎಡವ್ತಾರ. ವಿಶ್ವ ಪರಂಪರೆ ಪಟ್ಟಿಗೆ ಹಂಪಿ 1986, ಪಟ್ಟದಕಲ್ಲು 1987. ರವಿಕೀರ್ತಿ ಶಾಸನ ಇರೂದು ಐಹೊಳಿ ಮೇಗುತಿಯೊಳಗ, ಬಾದಾಮಿಯೊಳಗ ಅಲ್ಲ. ಬೆಳಗಾವಿ ಕಾಂಗ್ರೆಸ್ ಅಧಿವೇಶನ 1924, ಕಿತ್ತೂರು ಚನ್ನಮ್ಮನ ಯುದ್ಧ 1824. ನೂರು ವರ್ಷದ ಅಂತರ, ಅವಸರದಾಗ ಅದಲಿ ಬದಲಿ ಆಗ್ತದ.

ಕರದಂಟು

ಸೆಕೆಂಡ್ ಎಣಿಸಿ ಬರೆಯೋ ಚಟ ಇದ್ದರೆ 10ನೇ ಪ್ರಶ್ನೆಗೆ ನಿಲ್ಲಿಸಿ. ಅಲ್ಲಿಂದ ಮುಂದೆ ಗಡಿಯಾರ ಇರಲ್ಲ, ನಾವು ನೋಡೋದು ಕತ್ತರಿಸಿ ಜೋಡಿಸಿದ ದೃಶ್ಯ.

ಇದೇ ವಹಿಯಲ್ಲಿ ಚಂದನದ 'ಥಟ್ ಅಂತ ಹೇಳಿ' ಸೇರಿಸಬೇಡಿ. 2002ರಿಂದ ಡಾ. ನಾ. ಸೋಮೇಶ್ವರ ನಡೆಸುತ್ತಿರೋ ಅದರಲ್ಲಿ ಬಹುಮಾನ ಪುಸ್ತಕ, ಕ್ವಿಟ್ ಅನ್ನೋದೇ ಇಲ್ಲ. ಅದಕ್ಕೆ ಬೇರೆ ಹಾಳೆ ಮಾಡಿ, ಪ್ರಶ್ನೆ ಮತ್ತು ಉತ್ತರ ಎರಡೇ ಕಾಲಂ ಸಾಕು.