ಇಯರ್ 3 ಮಗಳಿಗೆ ಸ್ಕೂಲಿನಲ್ಲಿ ಕಾಟ, ಏನು ಮಾಡಲಿ?

ರೆಡಿಂಗ್ ಅಮ್ಮ: ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ, ಮಗಳು ಇಯರ್ 3, ಅಂದರೆ ಏಳೆಂಟು ವರ್ಷದವರ ತರಗತಿ. ದೀಪಾವಳಿ ಕಳೆದಾಗಿನಿಂದ ಮಗಳು ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಅನ್ನುತ್ತಾಳೆ. ಕೂರಿಸಿಕೊಂಡು ಕೇಳಿದಾಗ ವಿಷಯ ಹೊರಬಂತು. ಲಂಚ್ ಬ್ರೇಕ್‌ನಲ್ಲಿ ಮೂವರು ಹುಡುಗಿಯರು ಇವಳನ್ನು ಆಟಕ್ಕೆ ಸೇರಿಸುವುದಿಲ್ಲ. ಡಬ್ಬಿ ತೆರೆದರೆ ಮೂಗು ಮುಚ್ಚಿಕೊಂಡು ಓಡುತ್ತಾರಂತೆ. ಚಿತ್ರಾನ್ನ ಬೇಡ ಅಂತ ಅಳುತ್ತಾಳೆ. ಟೀಚರ್‌ಗೆ ಹೇಳಿದರೆ ಮಕ್ಕಳಲ್ವಾ, ಸರಿ ಹೋಗುತ್ತೆ ಅಂದರು. ಜಾಸ್ತಿ ಮಾತಾಡಿದರೆ ಮಗಳಿಗೇ ತೊಂದರೆಯಾದೀತು ಅಂತ ಭಯ.

ಲೆಸ್ಟರ್ ಅಕ್ಕ: ಸ್ಕೂಲ್ ಡಿನ್ನರ್, ಅಂದರೆ ಶಾಲೆಯಲ್ಲೇ ಕೊಡುವ ಮಧ್ಯಾಹ್ನದ ಊಟ, ಹಾಕಿಸಿಬಿಡಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು. ಸಂಜೆ ಬಂದಮೇಲೆ ಸಾರು ಅನ್ನ.

ಸ್ಲೌ, ಸ್ಕೂಲ್ ಗವರ್ನರ್: ಡಬ್ಬಿ ಬದಲಿಸಬೇಡಿ ಅಮ್ಮ, ತಪ್ಪು ಡಬ್ಬಿಯದಲ್ಲ. ಪದೇಪದೇ, ಬೇಕಂತಲೇ ನೋಯಿಸಿದರೆ ಅದು ಬುಲ್ಲಿಯಿಂಗ್. ಆಟದಿಂದ ದೂರ ಇಡುವುದೂ ಅದರಲ್ಲೇ ಬರುತ್ತದೆ. ಇಂಗ್ಲೆಂಡಿನ ಕೌನ್ಸಿಲ್ ಶಾಲೆಗಳಲ್ಲಿ ಒಳ್ಳೆಯ ನಡತೆ ಬೆಳೆಸಲು, ಬುಲ್ಲಿಯಿಂಗ್ ತಡೆಯಲು ಹೆಡ್, ಅಂದರೆ ಮುಖ್ಯೋಪಾಧ್ಯಾಯರು, ಕ್ರಮ ಗೊತ್ತುಮಾಡಲೇಬೇಕು. 2006ರ ಎಜುಕೇಶನ್ ಅಂಡ್ ಇನ್‌ಸ್ಪೆಕ್ಷನ್ಸ್ ಆಕ್ಟ್ ಕಾನೂನಿನ ಸೆಕ್ಷನ್ 89 ಅದನ್ನೇ ಹೇಳುತ್ತದೆ. ಕೌನ್ಸಿಲ್ ಕೈಯಲ್ಲಿಲ್ಲದೆ ನೇರ ಸರ್ಕಾರದ ಹಣದಲ್ಲಿ ನಡೆಯುವ ಅಕಾಡೆಮಿ ಶಾಲೆಗಳಿಗೂ ಇಂಥದೇ ನಿಯಮ ಇದೆ. ಶಾಲೆಯ ವೆಬ್‌ಸೈಟಿನಲ್ಲಿ ಬಿಹೇವಿಯರ್ ಪಾಲಿಸಿ ಓದಿ. ಯಾವ ದಿನ, ಎಲ್ಲಿ, ಯಾರು ಏನಂದರು ಅಂತ ಬರೆದಿಡಿ. ಬಾಯಿಮಾತು ಸಾಲದು. ಟೀಚರ್‌ಗೆ ಇಮೇಲ್ ಮಾಡಿ, ಹೆಡ್‌ಗೂ ಕಾಪಿ ಹಾಕಿ. ಲಂಚ್ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಊಟವನ್ನು, ಮೂಲವನ್ನು ಹಂಗಿಸಿದ್ದನ್ನು ಜನಾಂಗೀಯ ಘಟನೆ ಅಂತ ದಾಖಲಿಸಲು ಹೇಳಿ. ಆಗದಿದ್ದರೆ ಗವರ್ನರ್‌ಗಳಿಗೆ, ಅಂದರೆ ಶಾಲೆಯ ಆಡಳಿತ ಮಂಡಳಿಗೆ, ದೂರು. ಶಾಲೆಗಳ ತಪಾಸಣೆ ಮಾಡುವ ಆಫ್‌ಸ್ಟೆಡ್ ಒಂದೊಂದು ಮಗುವಿನ ಜಗಳ ಬಗೆಹರಿಸುವುದಿಲ್ಲ. ಮಗಳು ತಾನೇ ಮಾತಾಡಬೇಕೆಂದರೆ ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್ ಇದೆ, 0800 1111.

ಬರ್ಮಿಂಗ್‌ಹ್ಯಾಮ್, ಹಾಸನ: ಇಮೇಲ್, ಪಾಲಿಸಿ, ಎಲ್ಲ ಸುಮ್ನೆ. ಮಗಳಿಗೆ ಕರಾಟೆ ಕಲಿಸಿ. ಒಮ್ಮೆ ತಿರುಗಿ ನಿಂತರೆ ಯಾರೂ ಹತ್ತಿರ ಬರುವುದಿಲ್ಲ. ನಾವು ಹಾಗೇ ಬೆಳೆದವರು. ನನ್ನ ಮಗ ಈಗ ಬ್ಲ್ಯಾಕ್ ಬೆಲ್ಟ್, ಪ್ರವೇಶ ಪರೀಕ್ಷೆ ಪಾಸಾಗಿ ಸೇರುವ ಗ್ರಾಮರ್ ಸ್ಕೂಲಿನಲ್ಲಿದ್ದಾನೆ.

ಸ್ಲೌ, ಸ್ಕೂಲ್ ಗವರ್ನರ್: ದಯವಿಟ್ಟು ಹೊಡೆಯಲು ಹೇಳಿಕೊಡಬೇಡಿ. ಕೈ ಮಾಡಿದರೆ ಶಿಕ್ಷೆ ಅವಳಿಗೇ.

ಬರ್ಮಿಂಗ್‌ಹ್ಯಾಮ್, ಹಾಸನ: ಹೊಡಿ ಅಂತ ಎಲ್ಲಿ ಹೇಳಿದೆ? ಧೈರ್ಯ ಬರಲಿ ಅಂದೆ. ನಮ್ಮ ಜನ ಎಲ್ಲದಕ್ಕೂ ತಲೆ ಬಗ್ಗಿಸಿ ಬಗ್ಗಿಸಿ ಹೀಗಾಗಿದೆ.

ಲೀಡ್ಸ್ ಅಜ್ಜಿ: ಊರಲ್ಲಿದ್ದಿದ್ದರೆ ಮಗು ಅಜ್ಜಿಯ ಹತ್ತಿರ ಎಲ್ಲ ಹೇಳಿಕೊಳ್ಳುತ್ತಿತ್ತು. ಇಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ನಾನು ಬಂದು ಮೂರೇ ತಿಂಗಳು ಇರುವುದು. ನೆನೆದರೆ ಹೊಟ್ಟೆ ಉರಿಯುತ್ತದೆ.

ವಾಟ್‌ಫರ್ಡ್: ನವೆಂಬರಿನಲ್ಲಿ ಆಂಟಿ ಬುಲ್ಲಿಯಿಂಗ್ ವೀಕ್ ಬರುತ್ತದೆ, ಒಬ್ಬೊಬ್ಬರೂ ಬೇರೆಬೇರೆ ಅಂತ ತೋರಿಸಲು ಮಕ್ಕಳು ಜೋಡಿಯಿಲ್ಲದ ಸಾಕ್ಸ್ ಹಾಕುತ್ತಾರೆ. ಚೆನ್ನಾಗಿದೆ. ಆದರೆ ನಮ್ಮ ಶಾಲೆಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಪ್ಲೇಗ್ರೌಂಡ್ ಬಡ್ಡಿ. ಇಯರ್ 6 ಮಕ್ಕಳು ಒಂಟಿಯಾಗಿ ನಿಂತವರನ್ನು ಕರೆದು ಆಟಕ್ಕೆ ಸೇರಿಸುತ್ತಾರೆ. ನಿಮ್ಮಲ್ಲಿ ಇದೆಯಾ ಕೇಳಿ.

ರೆಡಿಂಗ್ ಅಮ್ಮ: ಥ್ಯಾಂಕ್ಸ್. ಪಾಲಿಸಿ ಸಿಕ್ಕಿತು. ಇವತ್ತು ರಾತ್ರಿ ಇಮೇಲ್ ಬರೆಯುತ್ತೇನೆ. ಆ ಮೂವರ ಹೆಸರು ಹಾಕಬಹುದಾ?

ಕೊವೆಂಟ್ರಿ: ಹಾಸನದವರೇ, ಹುಡುಗಿಯರಿಗೆ ಕರಾಟೆ ಯಾವ ವಯಸ್ಸಿಗೆ ಶುರು ಮಾಡಬೇಕು? ಶನಿವಾರ ಕ್ಲಾಸ್ ಇರುತ್ತಾ?