ಅಪ್‌ಡೇಟ್: ಹಾಸನದಲ್ಲಿ ಡಿಗ್ರಿ ಓದುವ ತಂಗಿಗೆ ಎನ್‌ಎಸ್‌ಎಸ್

ತಂಗಿ ಎನ್‌ಎಸ್‌ಎಸ್‌ಗೆ (ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆ) ಯಾವಾಗ ಸೇರಬೇಕು, ಸರ್ಟಿಫಿಕೇಟ್‌ಗೆ ಏನೇನು ಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಅವಳು ಹೆಸರು ಕೊಟ್ಟಾಯಿತು. ಮುಂದೆ ಸೇರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷವೇ ಸೇರಿ. ವರ್ಷಕ್ಕೆ 120ರಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ, ಎರಡೂ ಮುಗಿದರೆ ಮಾತ್ರ ಸರ್ಟಿಫಿಕೇಟ್. ಕೊನೆಯ ವರ್ಷ ಸೇರಿದರೆ ಗಂಟೆ ತುಂಬುವುದೇ ಇಲ್ಲ. ಅಡ್ಮಿಷನ್ ಆದ ಕೂಡಲೇ ಕಾಲೇಜಿನಲ್ಲಿ ಎನ್‌ಎಸ್‌ಎಸ್ ನೋಡಿಕೊಳ್ಳುವ ಕಾರ್ಯಕ್ರಮಾಧಿಕಾರಿಗಳನ್ನು ಕಂಡು ಅರ್ಜಿ ಕೊಡಿ.

ಹೆಚ್ಚಿನವರು ಎಡವುವುದು ಮಾಡಿದ ಸೇವೆಯನ್ನು ಬರೆದಿಡುವ ಡೈರಿಯಲ್ಲಿ. ‘ಶ್ರಮದಾನ’ ಅಂತ ಒಂದು ಪದ ಗೀಚಿದರೆ ಸಾಲದು. ದಿನಾಂಕ ಹಾಕಿ, ‘ಶಾಲೆ ಹಿಂದಿನ ಚರಂಡಿಯ ಹೂಳು ತೆಗೆದದ್ದು, ಬೆಳಿಗ್ಗೆ 9ರಿಂದ 12’ ಅಂತ ಬರೆದು ಅಂದೇ ಕಾರ್ಯಕ್ರಮಾಧಿಕಾರಿಗಳ ಸಹಿ ಹಾಕಿಸಿ. ಸೆಮಿಸ್ಟರ್ ಕೊನೆಗೆ ಒಟ್ಟಿಗೆ ತಂದರೆ ಹಾಜರಿ ಪುಸ್ತಕಕ್ಕೆ ತಾಳೆಯಾಗದೆ ಮಾಡಿದ ಕೆಲಸದ ಗಂಟೆಯೂ ಬಿಟ್ಟುಹೋಗುತ್ತದೆ.

ಶಿಬಿರ ಸಕಲೇಶಪುರದ ಕಡೆಯ ಹಳ್ಳಿಯಲ್ಲಾದರೆ ದಪ್ಪ ಹೊದಿಕೆ, ಟಾರ್ಚ್ ಇರಲಿ.

ನಾಯಕತ್ವ ಕಲಿಯಬೇಕೆನ್ನುವವರು ಸ್ಟೇಜ್ ನಿರೂಪಣೆಗಿಂತ ಅಡುಗೆ ತಂಡದ ಹೊಣೆ ಕೇಳಿ ತೆಗೆದುಕೊಳ್ಳಿ. ದಿನಸಿ ಲೆಕ್ಕ ಇಡುವುದು, ಪಾತ್ರೆ ತೊಳೆಯುವ ಪಾಳಿ ಹಂಚುವುದು, ಬರದವರನ್ನು ಜಗಳವಾಡದೆ ಕರೆತರುವುದು ಎಲ್ಲಾ ಅಲ್ಲೇ ಕೈಗೆ ಹತ್ತುತ್ತದೆ.